ಹಳ್ಳಕ್ಕೆ ವಾಪಸ್ಸು ಹಾಕಿದ ಮುಳ್ಳು

ಹಳ್ಳದಿಂದ ನಮ್ಮ ಕೈಯಾರೆ ಎಳೆದು ದಡಕ್ಕೆ ಹಾಕಿದ್ದ ಮುಳ್ಳು, ರೆಂಬೆ, ಕಸವನ್ನೆಲ್ಲ ಒಂದೇ ವಾರದಲ್ಲಿ ನಮ್ಮ ಕೈಯಾರೆ ಮತ್ತೆ ಹಳ್ಳಕ್ಕೆ ತುಂಬಿದೆವು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಗಲಿ. ನನಗೆ ಮಾತ್ರ ನೆನೆದಾಗೆಲ್ಲ ಹೇಸಿಗೆಯಾಗುತ್ತದೆ. ಆ ಹೇಸಿಗೆ ಅರ್ಧ ಆಫೀಸಿನವರ ಮೇಲೆ, ಅರ್ಧ ನನ್ನ ಮೇಲೆ.

ನಮ್ಮೂರು ಗೌರಿಬಿದನೂರಿಗೂ ಮಂಚೇನಹಳ್ಳಿಗೂ ನಡುವೆ, ಬಸ್ಸು ರಸ್ತೆಯಿಂದ ಒಳಕ್ಕೆ. ಹೆಸರು ಬೇಡ. ಆಗ ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಮಹಿಳಾ ಮೀಸಲು ಬಂತೆಂದು ಮನೆಯವರು ನನ್ನನ್ನು ನಿಲ್ಲಿಸಿದರು. ಗೆದ್ದ ಮೇಲೆ ಊರೆಲ್ಲ ನನ್ನ ಗಂಡನನ್ನೇ ‘ಮೆಂಬರ್ರೇ’ ಎಂದು ಕರೆಯತೊಡಗಿತು. ಸಭೆಗೆ ಅವರು, ಸಹಿಗೆ ನಾನು ಎಂದು ಮೊದಲ ಆರು ತಿಂಗಳು ನಡೆಯಿತು. ಒಂದು ದಿನ ಸಿಟ್ಟು ನೆತ್ತಿಗೇರಿ, ನಾನೇ ಹೋಗಿ ಸಭೆಯ ಮುಂದಿನ ಕುರ್ಚಿಯಲ್ಲಿ ಕೂತೆ. ಅವತ್ತಿನಿಂದ ‘ಜೋರಿನ ಹೆಂಗಸು’ ಎಂಬ ಬಿರುದು ಬಂತು. ಅದನ್ನು ಹೊಗಳಿಕೆ ಎಂದೇ ತಿಳಿದು ಓಡಾಡಿದೆ. ಮುಂದೆ ಕೆಲಸ ಕೆಡಿಸಿದ್ದೂ ಆ ಜೋರೇ.

ಊರ ಕೆಳಗೊಂದು ಹಳ್ಳ. ವರ್ಷದಲ್ಲಿ ಹತ್ತು ತಿಂಗಳು ಒಣಗಿರುತ್ತದೆ, ಮಳೆ ಬಂದರೆ ಗುಡ್ಡದ ನೀರನ್ನೆಲ್ಲ ಹೊತ್ತು ಕೆರೆಗೆ ಓಡುತ್ತದೆ. ರಸ್ತೆ ದಾಟುವ ಕಡೆ ಅದಕ್ಕೊಂದು ಮೋರಿ ಕಟ್ಟಿದ್ದಾರೆ. ಮೋರಿಗಿಂತ ಸ್ವಲ್ಪ ಮೇಲೆ, ಹಳ್ಳ ತಿರುವು ತೆಗೆದುಕೊಳ್ಳುವ ಜಾಗದಲ್ಲಿ, ರೇಷ್ಮೆ ಹುಳು ಸಾಕುವ ಹುಳುಮನೆ ಇತ್ತು. ಅದನ್ನು ನಡೆಸುತ್ತಿದ್ದವಳು ನನಗಿಂತ ಹತ್ತು ವರ್ಷ ಚಿಕ್ಕವಳು, ನಮ್ಮ ಬೀದಿಗೆ ಸೊಸೆಯಾಗಿ ಬಂದವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ. ಹುಳುವಿನ ಕೆಲಸ ಪೂರ್ತಿ ಅವಳದೇ.

ಇಡೀ ಊರಿನಲ್ಲಿ ನಿಜವಾಗಿ ಚೊಕ್ಕಟವಾಗಿದ್ದ ಜಾಗ ಅದೊಂದೇ. ದೇವಸ್ಥಾನ ಕೂಡ ಅಷ್ಟು ಚೊಕ್ಕಟವಾಗಿರಲಿಲ್ಲ. ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ಅಗಲ ತೊಟ್ಟಿ, ಅದರಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು. ಬೀಡಿ ಸೇದಿದವರಿಗೆ, ಊದುಬತ್ತಿ ಹಚ್ಚಿ ಬಂದವರಿಗೆ, ಎಣ್ಣೆ ಸುವಾಸನೆ ಬಳಿದುಕೊಂಡವರಿಗೆ ಬಾಗಿಲಲ್ಲೇ ತಡೆ. ಮೆಂಬರ್ ಎಂದು ನನಗೇನೂ ರಿಯಾಯಿತಿ ಇರಲಿಲ್ಲ. “ಅಕ್ಕಾ, ನಿನ್ ತಲೇಲಿ ಮಲ್ಲಿಗೆ ಅದೆ. ತೆಗ್ದಿಟ್ಟು ಬಾ,” ಎಂದು ಒಂದು ಸಲ ವಾಪಸ್ಸು ಕಳಿಸಿದ್ದಳು. ನನಗೆ ಕೋಪ ಬಂದಿತ್ತು, ಆದರೆ ಒಳಗೆ ಹೋಗಿ ನೋಡಿದ ಮೇಲೆ ಇಳಿಯಿತು. ಸೊಪ್ಪಿನ ಮೇಲೆ ಹುಳುಗಳು ಮೇಯುವ ಸದ್ದು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

ಆ ವರ್ಷ ವೈಶಾಖ ಮುಗಿಯುವ ಹೊತ್ತಿಗೆ, ಒಂದು ಗುರುವಾರ ಮಧ್ಯಾಹ್ನ ಗಾಳಿ ಎದ್ದಿತು. ಮಳೆ ಹೆಚ್ಚಿಲ್ಲ, ಗಾಳಿ ಮತ್ತು ಆಲಿಕಲ್ಲು. ಮೇಲಿನ ಹೂವಿನ ತೋಟದ ಪಾಲಿಹೌಸ್ ಹರಿದು ಪ್ಲಾಸ್ಟಿಕ್ ಹಾಳೆಗಳು ಹಾರಿಬಂದವು. ಟೊಮ್ಯಾಟೊಗೆ ನೆಟ್ಟಿದ್ದ ಕೋಲು, ಡ್ರಿಪ್ ಪೈಪು, ನೀಲಗಿರಿ ರೆಂಬೆ, ಬಳ್ಳಾರಿ ಜಾಲಿಯ ಮುಳ್ಳು, ಎಲ್ಲ ಹಳ್ಳಕ್ಕೇ ಬಿದ್ದವು. ಮೋರಿ ಪಕ್ಕದ ದೊಡ್ಡ ಹೊಂಗೆಮರ ಬೇರು ಸಮೇತ ಮಗುಚಿ ಸರಿಯಾಗಿ ಮೋರಿಯ ಬಾಯಿಗೇ ತಲೆ ತೂರಿಸಿಕೊಂಡು ಕೂತಿತು. ಸಾಲದ್ದಕ್ಕೆ, ಯಾವನೋ ಕೋಳಿ ಫಾರಂನವನು ಸತ್ತ ಕೋಳಿಗಳನ್ನು ಮೂಟೆ ಕಟ್ಟಿ ಮೇಲೆಲ್ಲೋ ಎಸೆದಿದ್ದ. ಆ ಮೂಟೆಗಳು ಬಂದಷ್ಟು ನೀರಿಗೇ ಕೊಚ್ಚಿಕೊಂಡು ಬಂದು ಮುಳ್ಳಿಗೆ ಸಿಕ್ಕಿ ಒಡೆದುಕೊಂಡಿದ್ದವು. ಆ ನಾತ ಇದನ್ನು ಬರೆಯುವಾಗಲೂ ಮೂಗಿಗೆ ಬರುತ್ತಿದೆ. ಹಬ್ಬ ಬಂದರೆ ಕೋಳಿ ಸಾರು ಬಿಡದವಳು ನಾನು, ಅಂಥವಳು ಎರಡು ತಿಂಗಳು ಕೋಳಿ ಮುಟ್ಟಲಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಅವಳು ನಮ್ಮ ಮನೆ ಬಾಗಿಲಿಗೆ ಬಂದಳು.

“ಅಕ್ಕಾ, ಮೊನ್ನೆ ತಾನೇ ಮರಿ ಹುಳ ತಂದು ಬಿಟ್ಟಿದೀನಿ. ಮೋರಿ ಕಟ್ಕೊಂಡದೆ. ಒಂದು ದಪ್ಪ ಮಳೆ ಬಂದ್ರೆ ನೀರು ಹೋಗಕ್ಕೆ ದಾರಿ ಇಲ್ಲ, ನಮ್ಮ ಹುಳುಮನೆಗೇ ನುಗ್ತದೆ. ಏನಾನ ಮಾಡಕ್ಕಾ.”

“ನಾನಿಲ್ವೇನೇ? ಮಾಡಿಸ್ತೀನಿ ಹೋಗು,” ಎಂದೆ.

ಹದಿನೇಳು ಹದಿನೆಂಟು ದಿನ ಕಳೆದರೆ ಹುಳು ಹಣ್ಣಾಗುತ್ತದೆ, ಗೂಡು ಕಟ್ಟುತ್ತದೆ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದುಬಿಟ್ಟರೆ ಆಮೇಲೆ ಹಳ್ಳ ಏನಾದರೂ ಮಾಡಿಕೊಳ್ಳಲಿ. ಅಲ್ಲಿಯವರೆಗೆ ಹಳ್ಳದ ನೀರು ಹಳ್ಳದಲ್ಲೇ ಹೋಗಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮಳೆಹಾನಿಗೆ ಸರ್ಕಾರದ ಅನುದಾನವಿರುತ್ತದೆ ಎಂದು ನನಗೆ ಗೊತ್ತಿತ್ತು. ಅರ್ಜಿ ಬರೆದು ಕಳಿಸಿದೆ. ಆದರೆ ಅರ್ಜಿಯ ದಾರಿ ಕಾಯುತ್ತ ಕೂರುವ ಜನ ನಮ್ಮೂರಿನವರಲ್ಲ. ನಮ್ಮ ಕಡೆ ಸೋಮವಾರ ಎತ್ತು ಕಟ್ಟುವುದಿಲ್ಲ. ಈಗ ಎತ್ತುಗಳೇ ಇಲ್ಲ, ಟ್ರ್ಯಾಕ್ಟರುಗಳಿವೆ. ಆದರೂ ಸೋಮವಾರ ಯಾರೂ ಹೊಲ ಉಳುವುದಿಲ್ಲ. ಆ ದಿನ ಊರ ಕೆಲಸಕ್ಕೆ ಮುಯ್ಯಾಳು: ಮನೆಗೊಬ್ಬರಂತೆ ಬರುವುದು, ಕೂಲಿ ಇಲ್ಲ, ಇವತ್ತು ನಿಮ್ಮದು, ನಾಳೆ ನಮ್ಮದು. ಹಾಗೆ ಆ ಸೋಮವಾರ ಮಚ್ಚು, ಹಗ್ಗ, ಗುದ್ದಲಿ ಹಿಡಿದು ಎಲ್ಲರೂ ಹಳ್ಳಕ್ಕಿಳಿದರು. ಮುಳ್ಳು ಎಳೆದರು, ಪ್ಲಾಸ್ಟಿಕ್ ಸುತ್ತಿ ಎಸೆದರು, ಕೋಳಿ ಮೂಟೆಗಳನ್ನು ಮೂಗಿಗೆ ಟವಲು ಕಟ್ಟಿಕೊಂಡು ಎತ್ತಿದರು. ಮಧ್ಯಾಹ್ನಕ್ಕೆ ಮುದ್ದೆ, ಮಸ್ಸೊಪ್ಪು. ಸಂಜೆ ಹೊತ್ತಿಗೆ ಹಳ್ಳದ ಮರಳು ಕಾಣುತ್ತಿತ್ತು.

ಉಳಿದದ್ದು ಆ ಹೊಂಗೆಮರ ಒಂದೇ. ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆದರೆ ಹಗ್ಗ ಕಿತ್ತುಬಂತು, ಮರ ಅಲುಗಲಿಲ್ಲ. ಜೆಸಿಬಿಯವನನ್ನು ಕರೆಸಿದೆವು. ಅವನು ನೋಡಿ, “ಮೋರಿ ಗೌರ್ಮೆಂಟ್‌ದು. ಒಂದು ಪೈಪ್ ಒಡೆದ್ರೂ ಕೇಸು ನನ್ ತಲೆಗೆ. ಆರ್ಡರ್ ಕಾಗದ ತನ್ನಿ, ಬರ್ತೀನಿ,” ಎಂದು ಗಾಡಿ ತಿರುಗಿಸಿದ. ಮರದ ಸಂದಿಯಲ್ಲಿ ಅರ್ಧ ಮೋರಿ ತೆರೆದೇ ಇತ್ತು. ಸಣ್ಣ ಪುಟ್ಟ ಮಳೆಗೆ ಅಷ್ಟು ಸಾಕಾಗುತ್ತಿತ್ತೆಂದು ಈಗ ಅನಿಸುತ್ತದೆ. ಅವತ್ತು ಅನಿಸಲಿಲ್ಲ.

ಬುಧವಾರ, ನನ್ನ ಅರ್ಜಿಯ ಮೇಲೆ, ತಾಲ್ಲೂಕು ಆಫೀಸಿನಿಂದ ಇಂಜಿನಿಯರ್ ಬಂದರು. ವಯಸ್ಸು ಮೂವತ್ತರ ಆಸುಪಾಸು, ಮಾತು ಮೆತ್ತಗೆ, ಶೂಗೆ ಮಣ್ಣಾಗದ ಹಾಗೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಿದ್ದರು. ಹಳ್ಳವನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖ ಸಪ್ಪಗಾಯಿತು.

“ಏನ್ ಮೇಡಂ, ಎಲ್ಲಾ ಕ್ಲೀನ್ ಮಾಡ್ಬಿಟ್ಟಿದೀರಾ!”

ಶಹಬ್ಬಾಸ್ ಹೇಳುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. “ಮುಯ್ಯಾಳಲ್ಲಿ ಮಾಡ್ಕೊಂಡ್ವಿ ಸಾರ್. ಆ ಮರ ಒಂದು ತೆಗೆಸಿಕೊಡಿ ಸಾಕು.”

“ಮರ ಒಂದಕ್ಕೆ ಫೈಲ್ ಓಪನ್ ಮಾಡಕ್ಕಾಗಲ್ಲ ಮೇಡಂ. ಅನುದಾನ ಇರೋದು ಹಳ್ಳ ಮುಚ್ಚಿಹೋಗಿದ್ರೆ ತೆಗೆಸೋಕೆ. ಕೆಲಸಕ್ಕೆ ಮುಂಚೆ ಒಂದು ಫೋಟೋ, ಕೆಲಸ ನಡೀತಿರುವಾಗ ಒಂದು, ಆದ್ಮೇಲೆ ಒಂದು, ಮೂರು ಬೇಕು. ಮುಂಚಿಂದೇ ಇಲ್ವಲ್ಲ.”

ನಮ್ಮ ಹುಡುಗರ ಫೋನಿನಲ್ಲಿ ಬೇಕಾದಷ್ಟು ಫೋಟೋಗಳಿದ್ದವು. ತೋರಿಸಿದೆ. ಅವು ನಡೆಯುವುದಿಲ್ಲವಂತೆ. ಜಾಗ, ತಾರೀಕು, ಗಂಟೆ ತಾನಾಗಿಯೇ ಅಚ್ಚಾಗುವ ಒಂದು ಆ್ಯಪ್ ಇದೆಯಂತೆ, ಅದರಲ್ಲಿ ಅವರೇ ಸ್ವತಃ ನಿಂತು ತೆಗೆಯಬೇಕಂತೆ. ಸುಳ್ಳು ಬಿಲ್ಲು ತಡೆಯುವುದಕ್ಕೆ ಮಾಡಿದ ವ್ಯವಸ್ಥೆ ಅದು ಎಂದು ನನಗೆ ವಿವರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದರೆ ಇದೇ ತಾನೆ.

“ಹಂಗಾದ್ರೆ ಏನ್ಮಾಡೋದು ಸಾರ್?”

ಅವರು ದಡದ ಮೇಲೆ ರಾಶಿ ಬಿದ್ದಿದ್ದ ಮುಳ್ಳಿನ ಕಡೆ ಒಮ್ಮೆ ನೋಡಿದರು, ಹಳ್ಳದ ಕಡೆ ಒಮ್ಮೆ ನೋಡಿದರು. “ನಾನೇನೂ ಹೇಳಿಲ್ಲ ಮೇಡಂ. ಮುಂದಿನ ಮಂಗಳವಾರ ಬರ್ತೀನಿ. ಆಗ ಹೆಂಗಿರುತ್ತೋ ಹಂಗೆ ತೆಗೀತೀನಿ.”

ಆ ಮಾತಿಗೆ ಅಲ್ಲೇ ಉಗಿಯಬೇಕಿತ್ತು. ಜೋರಿನ ಹೆಂಗಸು ನಾನು, ಉಗಿಯಲಿಲ್ಲ. ಬದಲಿಗೆ ಮನೆಗೆ ಬರುವಷ್ಟರಲ್ಲಿ ಲೆಕ್ಕಾಚಾರ ಹಾಕಿ ಮುಗಿಸಿದ್ದೆ: ಮುಳ್ಳು ವಾಪಸ್ಸು ಹಳ್ಳಕ್ಕೆ ಎಸೆದರೆ ಒಂದು ದಿನದ ಕೆಲಸ, ಮಂಗಳವಾರ ಫೋಟೋ, ಆರ್ಡರ್ ಬಂದರೆ ಜೆಸಿಬಿ, ಮರವೂ ಹೋಯಿತು, ಮುಳ್ಳೂ ಹೋಯಿತು. ನನ್ನ ಅವಧಿಯಲ್ಲಿ ಒಂದು ಕೆಲಸ ಮಾಡಿಸಿದೆ ಎಂದೂ ಆಯಿತು. ಈ ಕೊನೆಯ ಮಾತನ್ನು ಯಾರಿಗೂ ಹೇಳಲಿಲ್ಲ, ಆದರೆ ಅದೇ ಎಲ್ಲಕ್ಕಿಂತ ಮುಂದೆ ನಿಂತಿತ್ತು.

ಊರವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಒಪ್ಪದಿದ್ದವಳು ಅವಳೊಬ್ಬಳೇ.

“ಬ್ಯಾಡಕ್ಕಾ. ಹುಳ ದೊಡ್ಡ ಜ್ವರ ಎದ್ದದೆ,” ಎಂದಳು. ಹುಳು ಕೊನೆಯ ಪೊರೆ ಕಳಚಿತು ಎನ್ನುವುದಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆ. “ಇನ್ನು ಆರೇಳು ದಿನ. ಆಮೇಲೆ ಏನಾನ ತುಂಬಿಸ್ಕೊಳಿ. ಈಗ ಬ್ಯಾಡ.”

“ಮಂಗಳವಾರ ಬಂದು ಫೋಟೋ ಹೊಡ್ಕೊಂಡು ಹೋಗ್ತಾರೆ ಕಣೇ. ಒಂದೇ ದಿನ. ಅಷ್ಟಕ್ಕೆ ಮಳೆ ಬಂದ್ಬಿಡ್ತದಾ?”

“ಮಳೆ ನಮ್ಮನ್ನ ಕೇಳ್ಕೊಂಡು ಬರ್ತದಾ ಅಕ್ಕಾ?”

“ನನ್ ಮೇಲೆ ನಂಬಿಕೆ ಇಲ್ಲ ಅಂತ ಹೇಳು, ಬಿಟ್ಬಿಡ್ತೀನಿ,” ಎಂದು ಎದ್ದು ನಿಂತೆ. ಅವಳು ಹುಳುವಿಗೆ ಸೊಪ್ಪು ಹಾಕಲು ಎದ್ದು ಹೋದಳು. ಅದನ್ನೇ ಒಪ್ಪಿಗೆ ಎಂದು ನಾನು ಎತ್ತಿಕೊಂಡು ಹೋದೆ.

ಮತ್ತೆ ಸೋಮವಾರ, ಮತ್ತೆ ಮುಯ್ಯಾಳು. ಆದರೆ ಹಳ್ಳದ ದಡದಲ್ಲಿ ಎಲ್ಲರೂ ಕೈಕಟ್ಟಿ ನಿಂತರು. ಮೊದಲು ಯಾರು ಹಾಕುವುದು? ಒಬ್ಬ ಮುದುಕರಿದ್ದರು, ಊರಿಗೆಲ್ಲ ಬೇಲಿ ಕಟ್ಟಿಕೊಡುವವರು, ಮನೆಮಾತು ತೆಲುಗು. ಅವರು ನನ್ನ ಮುಖ ನೋಡಿ, “ತೀಸಿಂದಿ ಮನಮೇ, ವೇಸೇದೀ ಮನಮೇನಾ ಅಮ್ಮಾ?” ಎಂದರು. ತೆಗೆದವರೂ ನಾವೇ, ಹಾಕುವವರೂ ನಾವೇನಾ ಎಂದು. ನನಗೆ ರೇಗಿತು. ಸೆರಗು ಸಿಕ್ಕಿಸಿ, ಒಂದು ಜಾಲಿ ರೆಂಬೆಯ ಬುಡ ಹಿಡಿದು ದರದರ ಎಳೆದು ಹಳ್ಳಕ್ಕೆ ಹಾಕಿದೆ. ಅಂಗೈಗೆ ಮುಳ್ಳು ಚುಚ್ಚಿತು. ಅವಳು ಹುಳುಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮೆಂಬರ್ರೇ ಹಾಕಿದ ಮೇಲೆ ಎಲ್ಲರೂ ಹಾಕಿದರು. ನಮ್ಮ ಜನರ ನಿಯತ್ತನ್ನು ಏನೆಂದು ಹೇಳಲಿ! ಸುಳ್ಳು ಮಾಡುವುದರಲ್ಲೂ ಸತ್ಯ ಬಿಡಲಿಲ್ಲ. ಆ ನೀಲಿ ಪೈಪು ಇಲ್ಲಿರಲಿಲ್ಲ, ಅಲ್ಲಿತ್ತು ಎಂದು ಇಬ್ಬರು ವಾದಕ್ಕೆ ಬಿದ್ದರು. ಮತ್ತೊಬ್ಬ ಕೋಳಿ ಮೂಟೆಯನ್ನೂ ಎಳೆದು ತಂದ, ಅದೂ ಇತ್ತಲ್ಲ ಎಂದು. ವಾರದಲ್ಲಿ ಅದು ಹಸಿರು ತಿರುಗಿ, ಹುಳು ಬಿದ್ದು, ಎಳೆದ ದಾರಿಯುದ್ದಕ್ಕೂ ಸೋರಿತು. ಬೇಡ ಎಂದು ನಾನು ಹೇಳಬಹುದಿತ್ತು. ಮೂಗು ಮುಚ್ಚಿಕೊಂಡು ಮುಖ ತಿರುಗಿಸಿದೆ.

ತಪ್ಪು ಆಗಿದ್ದು ಇಲ್ಲಿ. ಗಾಳಿ ಹಾಕಿದ ಮುಳ್ಳು ಅಡ್ಡಾದಿಡ್ಡಿ ಬಿದ್ದಿತ್ತು, ಸಂದಿಯಲ್ಲಿ ನೀರು ನುಸುಳುತ್ತಿತ್ತು. ಮನುಷ್ಯರು ಹಾಕುವಾಗ ಕೈಗೆ ಗೊತ್ತಿದ್ದ ಹಾಗೆ ಹಾಕಿದರು. ನಮ್ಮ ಕಡೆಯವರಿಗೆ ಮುಳ್ಳು ಎಂದರೆ ಬೇಲಿ. ಒಂದರ ಬುಡಕ್ಕೆ ಇನ್ನೊಂದರ ತುದಿ ಸಿಕ್ಕಿಸಿ, ಮೇಲಿಂದ ಕವೆಗೋಲಿನಲ್ಲಿ ಒತ್ತಿ, ದನ ನುಗ್ಗಿದರೂ ಬಿಚ್ಚಬಾರದು ಹಾಗೆ. ಆ ಮುದುಕರು ಮನಸ್ಸಿಲ್ಲದ ಮನಸ್ಸಿನಿಂದ ಕೆಲಸಕ್ಕಿಳಿದರೂ ಕೈ ಮಾತ್ರ ಎಂದಿನಂತೆ ಅಚ್ಚುಕಟ್ಟಾಗಿ ನಡೆಯಿತು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬೇರೆ. ಹುಳುಮನೆಗೂ ಮೋರಿಗೂ ನಡುವೆ, ಹಳ್ಳಕ್ಕೆ ಅಡ್ಡಲಾಗಿ ಒಂದು ಒಳ್ಳೆ ಬೇಲಿ ಎದ್ದು ನಿಂತಿತು. ನೋಡಿ ನನಗೆ ಸಮಾಧಾನವೇ ಆಯಿತು.

ಮಂಗಳವಾರ ಇಂಜಿನಿಯರ್ ಬರಲಿಲ್ಲ. ಮೀಟಿಂಗ್ ಅಂದರು. ಬುಧವಾರ ಗಾಡಿ ಇಲ್ಲ ಅಂದರು. ಗುರುವಾರ ಫೋನ್ ಎತ್ತಲಿಲ್ಲ. ಶುಕ್ರವಾರ ನಾನೇ ಆಫೀಸಿಗೆ ಹೋಗಿ ಮರದ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತೆ. ಗೋಡೆಯ ಮೂಲೆಗೆ ಎಲೆಯಡಿಕೆ ಉಗಿದು ಕೆಂಪಾಗಿತ್ತು, ಅದರ ಮೇಲೆಯೇ ಸ್ವಚ್ಛತೆಯ ಬೋರ್ಡು. “ಸೋಮವಾರ ಗ್ಯಾರಂಟಿ ಮೇಡಂ,” ಎಂಬ ಮಾತು ಹಿಡಿದುಕೊಂಡು ವಾಪಸ್ಸು ಬಂದೆ.

ಬಂದವಳು ಹುಳುಮನೆಗೆ ಹೋದೆ. ಅವಳು ಒಳಗೆ ಕರೆಯಲಿಲ್ಲ, ಬಾಗಿಲಿಂದಲೇ ತೋರಿಸಿದಳು. ಹುಳುಗಳು ಹಣ್ಣಾಗಲು ಶುರುವಾಗಿದ್ದವು. ಮೈ ಹಳದಿ ತಿರುಗಿ ಬೆಳಕು ಹಾಯುವಂತಾಗಿತ್ತು. ಅವಳು ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಗೂಡು ಕಟ್ಟುವ ಆ ಬಿದಿರಿನ ತಟ್ಟೆಗೆ, ಬಿಡುತ್ತಿದ್ದಳು. ಮೂರು ರಾತ್ರಿ ಸರಿಯಾಗಿ ಮಲಗಿರಲಿಲ್ಲ.

“ಹುಡುಗ್ರನ್ನ ಕರ್ದು ಮುಳ್ಳು ತೆಗ್ಸಿಬಿಡಕ್ಕಾ,” ಎಂದಳು.

“ಸೋಮವಾರ ಗ್ಯಾರಂಟಿ ಅಂದವ್ರೆ,” ಎಂದೆ. ಆಫೀಸಿನವರ ಮಾತನ್ನು ನನ್ನದೇ ಮಾತು ಎಂಬಂತೆ ಹೇಳಿದೆ.

ಶನಿವಾರ ಮೂರು ಗಂಟೆಗೆ ಗುಡ್ಡದ ಕಡೆ ಕಪ್ಪಾಯಿತು. ಊರಲ್ಲಿ ಹನಿ ಬೀಳುವ ಮೊದಲೇ ಹಳ್ಳದಲ್ಲಿ ನೀರು ಬಂತು. ಬೇಲಿಗೆ ಬಂದು ನಿಂತಿತು. ನಿಂತ ನೀರು ಏರತೊಡಗಿತು. ಗಂಡಸರು ಓಡಿ ಬಂದು ಮುಳ್ಳು ಎಳೆದರು. ಒಂದು ರೆಂಬೆ ಹಿಡಿದರೆ ಹತ್ತು ಬಿಗಿಯುತ್ತಿದ್ದವು. ಎಲ್ಲರ ಕೈಯೂ ರಕ್ತ. ಮುದುಕರು ಎದೆಮಟ್ಟ ನೀರಲ್ಲಿ ನಿಂತು ಮಚ್ಚು ಬೀಸುತ್ತ ತಮ್ಮ ಕೆಲಸಕ್ಕೆ ತಾವೇ ಶಾಪ ಹಾಕುತ್ತಿದ್ದರು. ಅವರ ಮಗ ಅವರನ್ನು ರಟ್ಟೆ ಹಿಡಿದು ದಡಕ್ಕೆ ಎಳೆದ.

ನಾನು ಹುಳುಮನೆಗೆ ಓಡಿದೆ. ಹೊಸ್ತಿಲಲ್ಲಿ ನಿಂತು, ಅಭ್ಯಾಸಬಲ, ಚಪ್ಪಲಿ ಬಿಡಲು ಹೋದೆ. ಮೊಣಕಾಲುಮಟ್ಟ ನೀರು, ಎಲ್ಲಿಯ ಚಪ್ಪಲಿ! ಬ್ಲೀಚಿಂಗ್ ತೊಟ್ಟಿ ತೇಲುತ್ತ ಬಂದು ನನ್ನ ಕಾಲಿಗೆ ಬಡಿಯಿತು. ಒಳಗೆ ಕೆಂಪು ನೀರು, ಕೊಳೆತ ರೆಕ್ಕೆಪುಕ್ಕ, ಆ ಕೋಳಿಯ ನಾತ. ಆ ಕೋಣೆಯೊಳಗೆ, ಒಂದು ಮಲ್ಲಿಗೆಗೂ ಜಾಗವಿಲ್ಲದಿದ್ದ ಆ ಕೋಣೆಯೊಳಗೆ! ಕೆಳಗಿನ ಅಟ್ಟಣೆಗಳು ಮುಳುಗಿದ್ದವು. ನೆಲದ ಮೇಲೆ ಒರಗಿಸಿದ್ದ ಚಂದ್ರಿಕೆಗಳು ಮಗುಚಿದ್ದವು. ಅವಳು ಒಂದು ಚಂದ್ರಿಕೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಎಲ್ಲಿಡುವುದೆಂದು ಸುತ್ತ ನೋಡುತ್ತಿದ್ದಳು. ಇಬ್ಬರೂ ಸೇರಿ ಕೈಗೆ ಸಿಕ್ಕಿದ್ದನ್ನು ಜಗಲಿಗೆ ಸಾಗಿಸಿದೆವು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬದುಕಿಸಿದ ಹುಳುಗಳೂ ಉಳಿಯಲಿಲ್ಲ. ಆ ನೀರು ಮುಟ್ಟಿದ್ದೇ ಸಾಕಾಯಿತು, ಭಾನುವಾರ ಮೆತ್ತಗಾಗಿ ಕಪ್ಪಿಟ್ಟವು.

ಸೋಮವಾರ ಇಂಜಿನಿಯರ್ ಸಮಯಕ್ಕೆ ಸರಿಯಾಗಿ ಬಂದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಬಂದ ಹಾಗೆ. ಹಳ್ಳದಲ್ಲಿ ನೀರು ಇನ್ನೂ ನಿಂತಿತ್ತು, ಮುಳ್ಳಿನ ಮೇಲೆ ಕಸ ಏರಿತ್ತು. ಅವರು ಫೋನ್ ಎತ್ತಿ ನೋಡಿ, “ಈಗ ಚೆನ್ನಾಗಿ ಬರುತ್ತೆ ಮೇಡಂ,” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅವರ ಕೆಲಸ ಸಲೀಸಾಯಿತು, ಅಷ್ಟೇ.

ನಾಲ್ಕು ಫೋಟೋ ಹೊಡೆದ ಮೇಲೆ, “ಹಾನಿಯಾದವರು ಯಾರಾದ್ರೂ ಇದ್ರೆ ನಿಲ್ಲಿಸಿ. ಫೈಲ್ ಬೇಗ ಮೂವ್ ಆಗುತ್ತೆ,” ಎಂದರು.

ಅವಳು ಅದೇ ಹೊತ್ತಿಗೆ ಸತ್ತ ಹುಳುಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಗುಂಡಿಗೆ ಸುರಿಯಲು ಹೋಗುತ್ತಿದ್ದಳು. ಇಂಜಿನಿಯರ್ ಕೈ ಮಾಡಿ ನಿಲ್ಲಿಸಿದರು. ಬುಟ್ಟಿ ಕೆಳಗಿಡಲು ಹೋದವಳಿಗೆ, “ಇರಲಿ ಇರಲಿ, ಕೈಯಲ್ಲೇ ಇರಲಿ,” ಎಂದರು. ಅವಳು ಅವರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು.

“ನೀನೂ ಬಾರಕ್ಕಾ,” ಎಂದಳು. “ಪಕ್ಕ ನಿಂತ್ಕೋ. ಮೊದ್ಲು ಹಾಕಿದ್ದು ನೀನೇ ಅಲ್ವಾ?”

ದನಿಯಲ್ಲಿ ಕೋಪವಿರಲಿಲ್ಲ. ಸುತ್ತ ಊರವರೆಲ್ಲ ಇದ್ದರು. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ. ಬುಟ್ಟಿಯ ನಾತ ನಮ್ಮಿಬ್ಬರಿಗೂ ಬಡಿಯುತ್ತಿತ್ತು.

ಗುರುವಾರಕ್ಕೆ ಆರ್ಡರ್ ಬಂತು, ಜೆಸಿಬಿ ಬಂತು, ಮರ ಹೋಯಿತು. ಹುಳುವಿಗೆ ಪರಿಹಾರ ಕೇಳಿದ್ದಕ್ಕೆ, ಆ ಅನುದಾನ ಹಳ್ಳಕ್ಕೆ ಮಾತ್ರ ಎಂದರು. ತಿಂಗಳ ಮೇಲೆ ಕೆಲಸ ಮುಗಿದ ವರದಿ ಪಂಚಾಯಿತಿಗೆ ಬಂತು, ಸದಸ್ಯರ ಸಹಿ ಬೇಕೆಂದು ನನ್ನ ಮುಂದೆ ಇಟ್ಟರು. ಮೊದಲ ಹಾಳೆಯಲ್ಲಿ ನಮ್ಮಿಬ್ಬರ ಫೋಟೋ. ಅವಳು ಬುಟ್ಟಿ ಹಿಡಿದಿದ್ದಾಳೆ, ನಾನು ಕೈ ಕಟ್ಟಿ ನಿಂತಿದ್ದೇನೆ. ಕೆಳಗೆ ಟೈಪು ಮಾಡಿದ್ದರು: ಮಳೆಹಾನಿ ಸಂತ್ರಸ್ತ ಮಹಿಳೆಯರು.

ಸಂತ್ರಸ್ತೆ ಅವಳೊಬ್ಬಳೇ, ನನ್ನನ್ನು ಇದರಿಂದ ತೆಗೆಯಿರಿ ಎಂದೆ. ತಿದ್ದಿದರೆ ಫೈಲು ಮತ್ತೆ ಮೊದಲಿನಿಂದ ಹೋಗಬೇಕಾಗುತ್ತದೆ ಎಂದರು. ನಾನು ಸಹಿ ಹಾಕಿದೆ.